ಸೀದ ಹಾಲಿನ ವಾಸನೆ

ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಕೂತು ಅವನು ಕೊಂದವರಿಗೆ ಲೆಕ್ಕವಿಲ್ಲ. ವಿಷ ಹಾಕಿ ಕೊಂದ, ಬಾವಿಗೆ ನೂಕಿ ಕೊಂದ, ಒಬ್ಬ ಪುಣ್ಯಾತ್ಮನನ್ನಂತೂ ಇಸ್ತ್ರಿಪೆಟ್ಟಿಗೆಯಲ್ಲೇ ಮುಗಿಸಿದ. ಬೀದಿಯವರು ಅವನನ್ನು ಪತ್ತೇದಾರಿ ಎಂದೇ ಕರೆಯುತ್ತಿದ್ದರು. ನಿಜ ಹೇಳಬೇಕೆಂದರೆ, ಹಣೆಯ ಮೇಲೇರಿಸಿದ ಕನ್ನಡಕವನ್ನು ಮನೆಯೆಲ್ಲ ಹುಡುಕುವ ಆಸಾಮಿ. ಅದನ್ನು ಪತ್ತೆ ಮಾಡುವುದು ಹೆಂಡತಿ. ಅವನ ಪುಸ್ತಕಗಳ ಕರಡು ತಿದ್ದುವವಳೂ ಅವಳೇ.

ಬರವಣಿಗೆಯಲ್ಲಿ ಮಾತ್ರ ಬಲು ಅಚ್ಚುಕಟ್ಟು. ಕೊನೆಯ ಅಧ್ಯಾಯವನ್ನು ಮೊದಲು ಬರೆದು, ಅಲ್ಲಿಂದ ಹಿಂದಕ್ಕೆ ಬರುತ್ತ ಕೊಲೆಗಾರನ ಹೆಜ್ಜೆಗಳನ್ನು ಒಂದೊಂದಾಗಿ ಅಳಿಸುವುದು ಅವನ ಪದ್ಧತಿ. ಗೋಡೆಯಿಂದ ಗೋಡೆಗೆ ಬಟ್ಟೆ ಒಣಗಿಸುವ ಹಗ್ಗ ಕಟ್ಟಿ, ಕ್ಲಿಪ್ಪಿನಲ್ಲಿ ಚೀಟಿಗಳನ್ನು ಸಿಕ್ಕಿಸಿರುತ್ತಿದ್ದ: ಯಾರು ಎಲ್ಲಿದ್ದರು, ಬೀಗದ ಕೈ ಯಾರ ಹತ್ತಿರ ಇತ್ತು. ಒಬ್ಬನ ಮೇಲಿಂದ ಅನುಮಾನ ಎತ್ತಿದರೆ ಅದನ್ನು ಗಾಳಿಯಲ್ಲಿ ಬಿಡಬಾರದು, ಇನ್ನೊಬ್ಬನ ಹೆಗಲಿಗೆ ಇಳಿಸಲೇಬೇಕು ಎನ್ನುತ್ತಿದ್ದ. ಇಲ್ಲದಿದ್ದರೆ ಓದುಗ ತಿರುಗಿ ಮೊದಲಿನವನನ್ನೇ ಹಿಡಿಯುತ್ತಾನಂತೆ. ಸಾಕ್ಷಿಯವನ ಬಾಯಲ್ಲಿ ‘ಕಣ್ಣಾರೆ ನೋಡಿದೆ’ ಎಂದು ಹೇಳಿಸಲೂ ಬಾರದು. ನೋಡಿದೆ ಎಂದವನಿಗೆ ನೂರು ಪ್ರಶ್ನೆ ಬೀಳುತ್ತವೆ, ವಾಸನೆ ಬಂತು ಎಂದವನನ್ನು ಯಾರೂ ಕೆದಕುವುದಿಲ್ಲ.

ಇಷ್ಟು ಹೆಣಗಿದರೂ ಪತ್ರಿಕೆಯವರು ಹೆಣಿಗೆ ಸಡಿಲ ಎಂದು ಮೂಗು ಮುರಿಯುತ್ತಿದ್ದರು. ಬಸ್ ನಿಲ್ದಾಣದಲ್ಲಿ ಮಾರುವ ಪುಸ್ತಕಕ್ಕೆ ಹೆಣಿಗೆ ಯಾಕಪ್ಪಾ ಎಂದು ಪ್ರಕಾಶಕ ನಗುತ್ತಿದ್ದ. ಪತ್ತೇದಾರಿಗೆ ಮಾತ್ರ ಅದು ಒಳಗೊಳಗೇ ಕೊರೆಯುತ್ತಿತ್ತು. ಒಂದೇ ಒಂದು ಸಲ, ಯಾರೂ ಎಳೆ ಬಿಚ್ಚಲಾಗದ ಹಾಗೆ ಹೆಣೆಯಬೇಕೆಂಬ ಹುಚ್ಚು ಅವನಿಗೆ.

ಹೀಗಿರುವಾಗ ಒಂದು ಬೆಳಿಗ್ಗೆ ಅವನ ಅಕ್ಕ ಮಗನನ್ನು ಎಳೆದುಕೊಂಡು ಬಂದಳು. ಮಗ ಬಟ್ಟೆ ಗೋದಾಮೊಂದರಲ್ಲಿ ಮೇಲ್ವಿಚಾರಕ. ಹಿಂದಿನ ಸಂಜೆ ಬಟ್ಟೆ ಬೇಲುಗಳ ಸಂದಿಯಲ್ಲಿ ಕದ್ದು ಸಿಗರೇಟು ಸೇದುತ್ತಿದ್ದವನು, ಯಾರೋ ಬಂದ ಸದ್ದಾಗಿ ಅದನ್ನು ಅಲ್ಲೇ ಬಿಸಾಕಿ ಮನೆಗೆ ಹೊರಟಿದ್ದ. ಅರ್ಧ ಗೋದಾಮು ಬೂದಿಯಾಯಿತು. ಬೇಲು ಎಳೆಯಲು ನುಗ್ಗಿದ ಹಮಾಲಿಯೊಬ್ಬನ ಎರಡೂ ಕೈ ಬೆಂದುಹೋದವು. ಮಧ್ಯಾಹ್ನ ತನಿಖೆಯ ಅಧಿಕಾರಿ ಎಲ್ಲರನ್ನೂ ವಿಚಾರಿಸಲು ಬರುವವನಿದ್ದ.

“ಊರಿಗೆಲ್ಲ ಕಥೆ ಕಟ್ತೀಯ. ಸ್ವಂತ ಅಳಿಯನಿಗೆ ಒಂದು ಕಟ್ಟಿಕೊಡೋಕೆ ಆಗಲ್ವೇನೋ?” ಎಂದಳು ಅಕ್ಕ.

ಅವನು ಬಾಗಿಲು ತೋರಿಸಬೇಕಿತ್ತು. ಬೈದು ಕಳಿಸಿದ್ದರೂ ಸಾಕಿತ್ತು. ಆದರೆ ಈ ಮಹಾಶಯನಿಗೆ ಕೈ ತುರಿಸಿತು. ಹಗ್ಗದ ಮೇಲಿನ ಹಳೆಯ ಚೀಟಿಗಳನ್ನು ಕಿತ್ತು, ಹೊಸವನ್ನು ಹರಿದುಕೊಂಡು, ಆ ಹೊತ್ತಿಗೆ ಯಾರು ಎಲ್ಲಿದ್ದರು ಎಂದು ಅಳಿಯನನ್ನು ಕೇಳುತ್ತ ಹೋದ. ಮುದಿ ಕಾವಲುಗಾರ ಲಾರಿಗೆ ಗೇಟು ತೆಗೆಯಲು ಹೋಗಿದ್ದ. ಅವನ ವಾಸ ಗೋದಾಮಿನ ಗೋಡೆಗೆ ಅಂಟಿದ ಪುಟ್ಟ ಕೋಣೆಯಲ್ಲಿ. ಅಲ್ಲೊಂದು ವಿದ್ಯುತ್ ಒಲೆ ಇತ್ತು. ಕೋಣೆಯೂ ಸುಟ್ಟುಹೋಗಿತ್ತು.

“ಒಲೆ ಉರೀತಿದ್ದದ್ದು ನೋಡಿದೆ ಅಂದ್ಬಿಡ್ಲಾ ಮಾವ?”

“ನೋಡಿದೆ ಅನ್ಬೇಡ. ಹೊರಡುವಾಗ ಹಾಲು ಸೀದ ವಾಸನೆ ಬಂತು ಅನ್ನು. ಅದೂ ನೀನಾಗಿ ಹೇಳ್ಬೇಡ. ಮೊದಲನೇ ಸಲ ಕೇಳಿದಾಗ ನೆನಪಿಲ್ಲ ಅನ್ನು, ಎರಡನೇ ಸಲ ಹೇಳು.”

ಪಕ್ಕದ ಕೋಣೆಯಲ್ಲಿ ಹೆಂಡತಿ ಎಲ್ಲವನ್ನೂ ಕೇಳಿಸಿಕೊಂಡಳು. ಆ ದಿನ ಅವನಿಗೆ ಬಡಿಸಿಟ್ಟು, ತಾನು ಒಳಕೋಣೆಯಲ್ಲಿ ಒಬ್ಬಳೇ ಉಂಡಳು.

ಕಥೆ ನೀರು ಕುಡಿದಷ್ಟು ಸಲೀಸಾಗಿ ನಡೆಯಿತು. ಯಾರೂ ಒಂದು ಅಡ್ಡಪ್ರಶ್ನೆ ಹಾಕಲಿಲ್ಲ. ಪತ್ರಿಕೆಯಲ್ಲೂ ಒಲೆಯಿಂದ ಬೆಂಕಿ ಎಂದೇ ಬಂತು. ಅದನ್ನು ಓದಿ ಪತ್ತೇದಾರಿಗೆ ಒಂದು ಗಳಿಗೆ ಖುಷಿಯಾಯಿತು ಎಂಬುದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಕಾವಲುಗಾರನ ಕೆಲಸ ಹೋಯಿತು, ಅವನ ಮೇಲೆ ಕೇಸು ಬಿತ್ತು, ಮುದುಕ ಗಂಟುಮೂಟೆ ಕಟ್ಟಿಕೊಂಡು ಮಗಳ ಮನೆ ಸೇರಿದ. ಅಳಿಯ ಎಂದಿನಂತೆ ಕೆಲಸಕ್ಕೆ ಹೋಗುತ್ತಿದ್ದ. ಅಕ್ಕ ತಮ್ಮನಿಗೊಂದು ಅಂಗಿ ತಂದುಕೊಟ್ಟಳು.

ಪತ್ತೇದಾರಿ ಹೊಸ ಕಾದಂಬರಿಯಲ್ಲಿ ಮುಖ ಹುದುಗಿಸಿ ವಾರಗಟ್ಟಲೆ ಕಳೆದ. ಅದರ ಕರಡು ಬಂದಾಗ ಹೆಂಡತಿ ಅರ್ಧ ಓದಿ ಕೆಳಗಿಟ್ಟಳು.

“ಇದರಲ್ಲೂ ತಪ್ಪು ಮಾಡದವನು ಕೊನೆಗೆ ಬಿಡುಗಡೆ ಆಗ್ತಾನೆ,” ಎಂದಳು. “ಈಗಲೂ ಹೀಗೆ ಬರೆಯೋಕೆ ನಿಮಗೆ ಹೇಗೆ ಮನಸ್ಸು ಬರುತ್ತೆ?”

ಅವನು ರೇಗಿದ, ಕೂಗಾಡಿದ, ಅಕ್ಕನ ಮನೆ ಒಡೆಯಲೇನು ಎಂದು ಕೇಳಿದ. ಅವಳು ಕರಡನ್ನು ಅವನ ಮುಂದೆ ತಳ್ಳಿ ಎದ್ದುಹೋದಳು. ಮರುದಿನ ಬೆಳಿಗ್ಗೆ ಚಪ್ಪಲಿ ಮೆಟ್ಟಿಕೊಂಡು ಹೊರಟ. ಮುದುಕನಿಗೆ ನಿಜ ಹೇಳಿ, ಅವನನ್ನೇ ಜೊತೆಗೆ ಕರೆದುಕೊಂಡು ಅಧಿಕಾರಿಯ ಬಳಿ ಹೋಗುವುದೆಂದು ತೀರ್ಮಾನಿಸಿದ್ದ. ಅಕ್ಕ ಇನ್ನು ಜನ್ಮದಲ್ಲಿ ಮುಖ ನೋಡಲಾರಳು ಎಂಬುದು ಅವನಿಗೆ ಗೊತ್ತಿತ್ತು.

ಬಾಗಿಲು ತೆರೆದ ಮಗಳು ದನಿ ತಗ್ಗಿಸಿ, ಅಪ್ಪನ ಎದುರು ಹಾಲಿನ ಮಾತು ಎತ್ತಬೇಡಿ ಎಂದಳು. ಮನೆಯಲ್ಲಿ ಹಾಲು ಕಾಯಿಸುವುದನ್ನೇ ಬಿಟ್ಟಿದ್ದರಂತೆ. ಆ ವಾಸನೆಗೆ ಮುದುಕ ಎದ್ದು ಬೀದಿಗೆ ಓಡುತ್ತಿದ್ದನಂತೆ.

ಮಾತು ಎತ್ತಿದವನು ಮುದುಕನೇ. ಮೇಲ್ವಿಚಾರಕರ ಮಾವ ಬಂದರೆಂದು ಚಾಪೆ ಹಾಸಿ ಕೂರಿಸಿ, ಕೇಳದೆಯೇ ಶುರುಮಾಡಿದ.

“ಮೊದಲು ನಂಗೇ ನೆನಪಿರಲಿಲ್ಲ ಸ್ವಾಮಿ. ಒಲೆ ಹಚ್ಚೇ ಇಲ್ಲ ಅಂತ ಹಟ ಹಿಡಿದಿದ್ದೆ. ಕೂತು ಯೋಚನೆ ಮಾಡ್ತಾ ಮಾಡ್ತಾ ಒಂದೊಂದೇ ಬಂತು. ಲಾರಿಯವನು ಹಾರ್ನ್ ಹೊಡೆದ, ಹಾಲಿನ ಪಾತ್ರೆಗೆ ತಟ್ಟೆ ಮುಚ್ಚಿ ಎದ್ದೆ. ಆ ತಟ್ಟೆ ಅದುರೋ ಸದ್ದು ಈಗ್ಲೂ ಕಿವೀಲಿದೆ.”

ತಟ್ಟೆಯ ಸದ್ದು ಪತ್ತೇದಾರಿಯ ಕಥೆಯಲ್ಲಿ ಇರಲಿಲ್ಲ. ಇದು ನನಗೆ ಹೊಳೆಯಲಿಲ್ಲವಲ್ಲ ಎಂದೇ ಅವನಿಗೆ ಮೊದಲು ಅನ್ನಿಸಿತು. ಥೂ, ಎಂಥ ಕಸುಬು.

ಅವನು ಎಲ್ಲವನ್ನೂ ಹೇಳಿದ. ಸಿಗರೇಟು, ಚೀಟಿಗಳು, ಎರಡನೇ ಸಲ ಕೇಳಿದಾಗ ಹೇಳು ಎಂದದ್ದು, ಯಾವುದನ್ನೂ ಬಿಡಲಿಲ್ಲ. ಹೇಳುವಾಗ ಅತ್ತ. ಮುದುಕ ತಲೆ ತಗ್ಗಿಸಿ ಕೇಳಿದ. ಮುಗಿದ ಮೇಲೆ ಅವನ ಕೈ ಹಿಡಿದುಕೊಂಡ.

“ನೀವು ದೊಡ್ಡೋರು. ಈ ಮುದುಕನಿಗೆ ಸಮಾಧಾನ ಆಗ್ಲಿ ಅಂತ ತಪ್ಪನ್ನ ಅಳಿಯನ ಮೇಲೇ ಹಾಕಿ ಹೇಳ್ತಿದ್ದೀರಿ. ಬೇಡ ಸ್ವಾಮಿ. ನಿನ್ನೆ ಅಧಿಕಾರಿ ಮುಂದೆ ಒಪ್ಕೊಂಡು ರುಜು ಹಾಕಿ ಬಂದೆ. ಕೈ ಸುಟ್ಕೊಂಡೋನು ನನ್ನ ಸ್ನೇಹಿತ, ಅವನ ಕಾಲಿಗೂ ಬಿದ್ದಾಯ್ತು.”

“ನಾನು ಹೇಳಿದ್ದು ನಿಜ. ನೀವು ಒಲೆ ಹಚ್ಚಿರಲೇ ಇಲ್ಲ.”

“ತಟ್ಟೆ ಅದುರಿದ್ದೂ ನೀವೇ ಹೇಳಿಕೊಟ್ಟಿದ್ದಾ?”

“ಇಲ್ಲ.”

“ಮತ್ತೆ ಅದು ನಂಗೆ ಎಲ್ಲಿಂದ ಬಂತು, ಹೇಳಿ.”

ಮುದುಕ ಮೆಲ್ಲಗೆ ಪತ್ತೇದಾರಿಯ ಕೈ ಬಿಟ್ಟು ಎದ್ದ. ಹಮಾಲಿಗೆ ಊಟ ಮಾಡಿಸುವ ಹೊತ್ತಾಗಿತ್ತು.