ಪೀಪಿ ತೆಗೆದ ಓಬೋ

ಹೊನ್ನವಳ್ಳಿಯ ತನುಶ್ರೀಗೆ ಏನು ಕೆಲಸ ಅನ್ನುವುದು ಅವಳ ನೆಂಟರಿಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ಬೆಂಗಳೂರಿನಲ್ಲಿ ಕ್ಲಾರಿನೆಟ್ಟು ಊದುತ್ತಾಳೆ ಅನ್ನುತ್ತಾರೆ. ಅವಳು ಊದುವುದು ಓಬೋ. ನೋಡಲು ಕ್ಲಾರಿನೆಟ್ಟಿನ ಹಾಗೇ ಕರಿಮರದ ಕೊಳವೆ, ಆದರೆ ಬಾಯಿಗಿಡುವ ತುದಿಯಲ್ಲಿ ನಾಗಸ್ವರಕ್ಕಿರುವಂಥ ಎರಡೆಸಳಿನ ಪೀಪಿ. ಪಾಶ್ಚಾತ್ಯ ಆರ್ಕೆಸ್ಟ್ರಾ ನುಡಿಸಲು ಕೂತಾಗ ಮೊದಲು ಓಬೋದವರು ಒಂದು ಸ್ವರ ಹಿಡಿಯಬೇಕು. ಪಿಟೀಲಿನವರಿಂದ ಹಿಡಿದು ಎಲ್ಲರೂ ಅದಕ್ಕೆ ಶ್ರುತಿ ಮಾಡಿಕೊಳ್ಳುತ್ತಾರೆ.

ಪೀಪಿ ಅವಳಿಗೆ ಹೊಸದಲ್ಲ. ಅಪ್ಪ ಉಗ್ರಪ್ಪ ಓಲಗದವನು. ಹೊನ್ನವಳ್ಳಿ, ಹಾಲ್ಕುರಿಕೆ ಸುತ್ತಿನ ಮದುವೆಗಳಿಗೆಲ್ಲ ಅವನೇ. ಮುಹೂರ್ತಕ್ಕೆ ಅವನು ಬೇಕಿತ್ತು, ಆದರೆ ಅವನ ಬಾಯೆಂಜಲು ಬೇಡವಾಗಿತ್ತು. ನೀರನ್ನು ಎತ್ತರದಿಂದ ಹುಯ್ಯುತ್ತಿದ್ದರು, ಅವನು ಬೊಗಸೆಯೊಡ್ಡಿ ಕುಡಿಯುತ್ತಿದ್ದ. ಒಮ್ಮೆ ಹಾಗೆ ಹುಯ್ದಾಕೆ ಸಿಡಿದ ಹನಿಯನ್ನು ಸೆರಗಿನಿಂದ ಉಜ್ಜಿಕೊಂಡದ್ದನ್ನು ಮಗಳು ನೋಡಿದಳು. ಅವತ್ತು ಅವಳು ಊಟದೆಲೆಯ ಮುಂದೆ ಕೂರಲಿಲ್ಲ. ಆ ಮನೆಯವರ ಮೇಲೂ, ಅಲ್ಲಿ ಸುಮ್ಮನೆ ಕುಡಿದ ಅಪ್ಪನ ಮೇಲೂ ಹೇಸಿಗೆಯಾಗಿತ್ತು.

ಆದರೂ ಅಪ್ಪನಿಂದಲೇ ನಾಗಸ್ವರ ಕಲಿತಳು. ಡಿಗ್ರಿಗೆಂದು ಮೈಸೂರಿನಲ್ಲಿದ್ದಾಗ ಕಾಲೇಜಿನ ಕಾರ್ಯಕ್ರಮವೊಂದರಲ್ಲಿ ಅವಳು ಊದಿದ್ದನ್ನು ನಿವೃತ್ತ ಬ್ಯಾಂಡ್ ಮೇಷ್ಟ್ರೊಬ್ಬರು ಕೇಳಿದರು. ಅವರ ಮನೆಯಲ್ಲಿ ಊದುವವರಿಲ್ಲದ ಒಂದು ಓಬೋ ಇತ್ತು. ಅದನ್ನು ಅವಳ ಕೈಗೆ ಕೊಟ್ಟು, ನಾಗಸ್ವರದ ಅಬ್ಬರ ಇದಕ್ಕೆ ಬೇಡ, ಉಸಿರನ್ನು ಹಿಡಿದಿಟ್ಟು ಚೂರುಚೂರೇ ಬಿಡಬೇಕು ಎಂದರು. ಮೊದಲ ವರ್ಷವೆಲ್ಲ ತಲೆನೋವು. ಮೇಷ್ಟ್ರು ಬಿಡಲಿಲ್ಲ, ಅವಳೂ ಬಿಡಲಿಲ್ಲ. ಅಷ್ಟರಲ್ಲಿ ಅಪ್ಪ ತೀರಿಕೊಂಡ.

ಬೆಂಗಳೂರಿನಲ್ಲಿ ಮೋಹನ್ ಎಂಬಾತ ನಡೆಸುತ್ತಿದ್ದ ಆರ್ಕೆಸ್ಟ್ರಾದಲ್ಲಿ ಜಾಗ ಸಿಕ್ಕಿತು. ಮೊದಲು ಎರಡನೇ ಓಬೋದ ಕುರ್ಚಿ, ಆಮೇಲೆ ಮೊದಲನೆಯದು. ಕ್ರಿಸ್‌ಮಸ್ ಕಛೇರಿಗಳು, ಹೊರಗಿನಿಂದ ಬಂದ ನೃತ್ಯ ತಂಡಗಳ ಪ್ರದರ್ಶನಗಳು, ಸಿನಿಮಾದ ಹಿನ್ನೆಲೆ ಸಂಗೀತ. ಇಡೀ ಆರ್ಕೆಸ್ಟ್ರಾ ತನ್ನೊಂದು ಸ್ವರಕ್ಕೆ ಕಾದು ಕೂರುವ ಆ ಗಳಿಗೆಗಾಗಿಯೇ ತಾನು ಬದುಕಿದ್ದೇನೆ ಎಂದು ಅವಳಿಗೆ ಅನ್ನಿಸುತ್ತಿತ್ತು. ಬರಬರುತ್ತಾ ಸಿನಿಮಾದವರು ಎಲ್ಲ ವಾದ್ಯಗಳ ದನಿಯನ್ನೂ ಕೀಬೋರ್ಡಿನಲ್ಲೇ ತೆಗೆಯತೊಡಗಿದರು. ಮೋಹನ್ ದೊಡ್ಡವರ ಮನೆಯ ಮದುವೆಗಳ ಕಡೆ ತಿರುಗಿದ.

ಹಾಗೆ ಬಂದದ್ದೇ ತಿಪಟೂರಿನ ಮದುವೆ. ಕೊಬ್ಬರಿ ಮಂಡಿಯ ತೋಂಟದಾರ್ಯರ ಮಗಳು ಇಂಪನಾಳದು. ಊರಾಚೆ ಅವರ ತೆಂಗಿನ ತೋಟದಲ್ಲೇ ವೇದಿಕೆ, ಮರಮರಕ್ಕೂ ದೀಪ. ತನುಶ್ರೀ ಹೊನ್ನವಳ್ಳಿಯಿಂದ ಅವ್ವ ಚಿಕ್ಕಗಂಗಮ್ಮನನ್ನೂ ಕರೆಸಿಕೊಂಡಿದ್ದಳು. ಮಗಳು ನುಡಿಸುವುದನ್ನು ಅವ್ವ ಕೂತು ಕೇಳುವುದು ಅದೇ ಮೊದಲು.

ಸಂಜೆ ಎಲ್ಲರೂ ಬಿಳಿ ಬಟ್ಟೆ ತೊಟ್ಟು ಕೂತ ಮೇಲೆ ಮೋಹನ್ ಬಂದು ಸಂಗೀತವನ್ನು ರೆಕಾರ್ಡಿನಿಂದ ಹಾಕುತ್ತೇವೆ, ನೀವು ನುಡಿಸಿದಂತೆ ಮಾಡಿದರೆ ಸಾಕು ಎಂದ. ಉಜ್ಜಿದರೂ ದನಿ ಬರದಿರಲೆಂದು ಪಿಟೀಲಿನವರ ಕಮಾನುಗಳಿಗೆ ಆಗಲೇ ಸೋಪು ಸವರಿ ಆಗಿತ್ತು. ತನುಶ್ರೀಯ ಹತ್ತಿರ ಬಗ್ಗಿ, "ಪೀಪಿ ತೆಗೆದಿಡಿ. ಅಭ್ಯಾಸಬಲದಲ್ಲಿ ಊದಿಬಿಡ್ತೀರ" ಅಂದ.

ಅವಳು ಎದ್ದು ಹೋಗಬಹುದಿತ್ತು. ಮುಂದಿನ ಸಾಲಿನಲ್ಲಿ ಅವ್ವ ಹೊಸ ಸೀರೆಯುಟ್ಟು ಕೂತಿದ್ದಳು. ತನುಶ್ರೀ ಪೀಪಿ ತೆಗೆದಳು. ಬರಿದಾದ ಮರದ ತುದಿಯನ್ನು ತುಟಿಗಿಟ್ಟಾಗ ಸತ್ತ ಪ್ರಾಣಿಯ ಮೂಳೆ ಬಾಯಿಗಿಟ್ಟುಕೊಂಡಂತಾಯಿತು. ಸ್ಪೀಕರಿನಿಂದ ಹೊರಟದ್ದು ಅವಳು ಎಷ್ಟೋ ವರ್ಷ ನುಡಿಸಿದ್ದ ಕೃತಿಯೊಂದರ ನಿಧಾನಗತಿಯ ಭಾಗ. ಅದೂ ಓಬೋದ ದನಿಯಲ್ಲ, ಕೀಬೋರ್ಡಿನದು. ಆ ಜಿಗುಟು ದನಿಗೆ ಅವಳು ಬೆರಳಾಡಿಸುತ್ತಾ ಕೂತಳು. ಡ್ರೋನ್ ಕ್ಯಾಮೆರಾ ಮುಖದ ಹತ್ತಿರ ಬಂದು ನಿಂತಿತು.

ಮುಗಿದ ಮೇಲೆ ತೋಂಟದಾರ್ಯರು ವೇದಿಕೆಗೆ ಬಂದು, ನಮ್ಮ ಸೀಮೆಯ ಹೆಣ್ಣುಮಗಳು ಎಂದು ಅವಳಿಗೆ ಶಾಲು ಹೊದಿಸಿದರು. ಅವರ ಕಣ್ಣು ನಿಜವಾಗಿಯೂ ಒದ್ದೆಯಾಗಿತ್ತು. ಅವಳಿಗೆ ತಡೆಯಲಾಗಲಿಲ್ಲ.

"ನಾನು ಊದಲಿಲ್ಲ ಸಾರ್. ಅದು ರೆಕಾರ್ಡು."

"ಗೊತ್ತು ಕಣಮ್ಮ. ನಾವೇ ಹಂಗೆ ಕೇಳಿದ್ದು. ಎಲ್ಲಾದ್ರೂ ತಪ್ಪಿದ್ರೆ ವಿಡಿಯೋ ಕೆಡ್ತದಲ್ಲ" ಎಂದು ಕಣ್ಣೊರೆಸಿಕೊಂಡರು.

ಶಾಲಿಗೆ ಅತ್ತರು ಬಳಿದಿದ್ದರು. ಅವಳು ಬೇಲಿಯ ಕಡೆ ಹೋಗಿ ವಾಂತಿ ಮಾಡಿಕೊಂಡಳು.

ಅವ್ವನಿಗಾದರೂ ಹೇಳಬೇಕೆನಿಸಿತು. ಹೊನ್ನವಳ್ಳಿಗೆ ಹೋಗುವ ಆಟೋದಲ್ಲಿ ಎಲ್ಲ ಹೇಳಿದಳು. ಬಯ್ಯುತ್ತಾಳೆ, ಇಲ್ಲವೇ ಅಳುತ್ತಾಳೆ ಅಂದುಕೊಂಡಿದ್ದಳು. ಚಿಕ್ಕಗಂಗಮ್ಮ "ಅದುಕ್ಯಾಕೆ ಮುಖ ಸಿಂಡರಿಸ್ತೀಯ? ಊದೋ ಕೆಲ್ಸ ತಪ್ತು ಬುಡು. ನಿಮ್ಮಪ್ಪ ಊದೀ ಊದೀ ಎದೆ ಒಡ್ಕಂಡ. ಸುಮ್ನೆ ಹಿಡ್ಕಂಡು ಕೂತ್ಕಳಪ್ಪ ಅಂತ ಒಬ್ರಾದ್ರೂ ಅಂದಿದ್ರೆ ಅವ್ರ ಕಾಲಿಗೆ ಬೀಳ್ತಿದ್ದ ಕಣೇ" ಅಂದಳು. ತನುಶ್ರೀಗೆ ಅವ್ವನ ಮೇಲೆ ಸಿಟ್ಟು ಬಂತು. ಅವ್ವ ಹೇಳಿದ್ದು ಸುಳ್ಳೂ ಅಲ್ಲ ಎಂದು ಇನ್ನಷ್ಟು ಸಿಟ್ಟು ಬಂತು.

ಬೆಂಗಳೂರಿಗೆ ಹೋದವಳೇ ಆರ್ಕೆಸ್ಟ್ರಾ ಬಿಟ್ಟಳು. ಮೋಹನ್ ಜಗಳವನ್ನೇನೂ ಆಡಲಿಲ್ಲ. ಮುಂದಿನ ಮದುವೆಗೆ ಅವಳ ಕುರ್ಚಿಯಲ್ಲಿ ಜಾಹೀರಾತುಗಳಲ್ಲಿ ನಟಿಸುವ ಹುಡುಗಿಯೊಬ್ಬಳನ್ನು ಕೂರಿಸಿ, ಕೈಗೆ ಪ್ಲಾಸ್ಟಿಕ್ಕಿನ ಕ್ಲಾರಿನೆಟ್ಟು ಕೊಟ್ಟ. ಇದೇನು ಅಂತ ಯಾರೂ ಕೇಳಲಿಲ್ಲ. ಈಗ ತನುಶ್ರೀ ಎರಡು ಶಾಲೆಗಳಲ್ಲಿ ಪಾಠ ಹೇಳುತ್ತಾಳೆ, ಊದುವ ನಾಲ್ವರು ಗೆಳೆಯರ ಜೊತೆ ಚರ್ಚಿನ ಹಿಂದಿನ ಸಣ್ಣ ಹಾಲಿನಲ್ಲಿ ನುಡಿಸುತ್ತಾಳೆ. ಕೇಳಲು ಬರುವವರು ಕೆಲವೇ ಜನ. ನೆಂಟರ ಮದುವೆಗಳಿಗೆ ಹೋಗುವುದಿಲ್ಲ. ಜಂಬ ಬಂದಿದೆ ಅನ್ನುತ್ತಾರೆ.

ತಿಪಟೂರಿನಲ್ಲಿ ಬಸ್ಸಿಳಿದರೆ ಎದುರಿಗೇ ಮೋಹನನ ಆರ್ಕೆಸ್ಟ್ರಾದ ದೊಡ್ಡ ಬ್ಯಾನರ್ ಇದೆ. ಅದರಲ್ಲಿರುವುದು ಡ್ರೋನ್ ತೆಗೆದ ಅವಳದೇ ಮುಖ, ಕಣ್ಣು ಅರೆಮುಚ್ಚಿ, ಮೈಮರೆತು ಊದುತ್ತಿರುವ ಹಾಗೆ. ತೆಗೆಸಿ ಎಂದು ಮೂರು ಸಲ ಫೋನ್ ಮಾಡಿದಳು. ಆಯಿತು ಆಯಿತು ಅಂದ. ಹೋದ ವಾರ ಅವ್ವನನ್ನು ನೋಡಲು ಬಂದಾಗಲೂ ಅದು ಅಲ್ಲೇ ಇತ್ತು. ಅವಳು ತಲೆತಗ್ಗಿಸಿ ಹೊನ್ನವಳ್ಳಿ ಬಸ್ಸು ಹತ್ತಿದಳು.