ಗಣಪತಿಗೆ ಮೊಲದ ಬಾಲ

"ಬಸ್ ಸ್ಟಾಪ್ ಯಾವ ಕಡೆ?" ಎಂದು ಕೇಳಿದೆ. ಫೋನಿನ ಮ್ಯಾಪ್ ನಂಬಿ ಸ್ವೀಡನ್ನಿನ ಮಾಲ್ಮೋ ಹತ್ತಿರದ ಕಡಲತೀರದಲ್ಲಿ ದಾರಿ ತಪ್ಪಿದ್ದೆ. ಮರಳುದಿಬ್ಬದಲ್ಲಿ ಮಂಡಿಯೂರಿ ಹುಲ್ಲು ಕೀಳುತ್ತಿದ್ದ ಅಜ್ಜಿ ನೋಡಿದ್ದು ನನ್ನ ಮುಖವನ್ನಲ್ಲ, ನನ್ನ ಕೈಯಲ್ಲಿದ್ದ ಹುಲ್ಲಿನ ಕಟ್ಟನ್ನು. ಮೊಲದ ಬಾಲದಂಥ ಮೆತ್ತನೆಯ ಬಿಳಿ ತೆನೆಗಳು ಅದರಲ್ಲಿದ್ದವು.

"ಅಲ್ಲಾಡಿಸಬೇಡಿ, ಬೀಜ ಉದುರುತ್ತೆ! ಯಾಕೆ ಕಿತ್ತಿರಿ?"

ಗೆಳತಿಯ ಮನೆಯಲ್ಲಿ ಗಣೇಶನ ಹಬ್ಬ. ಗರಿಕೆ ತರುತ್ತೇನೆಂದು ಜಂಬದಿಂದ ಹೊರಟವಳಿಗೆ ಸಿಕ್ಕಿದ್ದು ಇದೊಂದೇ ಹುಲ್ಲು. "ನಮ್ಮ ದೇವರಿಗೆ," ಎಂದೆ. "ಆನೆಯ ಮುಖದವನು."

"ಆನೆಗೆ ಇಷ್ಟು ಸಾಕಾ?"

ಹೂದಾನಿಗೆ ಚೆಂದವೆಂದು ಅಜ್ಜಿ ತಮ್ಮ ತೋಟದಲ್ಲಿ ತಾವೇ ಬಿತ್ತಿದ್ದಂತೆ. ಗಾಳಿ ಅದರ ಬೀಜವನ್ನು ದಿಬ್ಬಕ್ಕೆ ತಂದಿತ್ತು; ಈಗ ಅಲ್ಲಿನ ಗಿಡಗಳಿಗೇ ಜಾಗವಿಲ್ಲದಂತೆ ಹಬ್ಬಿತ್ತು. "ಒಂದೇ ವರ್ಷ ಬದುಕುವ ಹುಲ್ಲು. ಬೀಜ ಬೀಳುವ ಮೊದಲು ಪೂರ್ತಿ ಕಿತ್ತರೆ ಹೋಗುತ್ತೆ. ಆದರೆ ಪ್ರತಿ ವರ್ಷ ನನ್ನ ಮಂಡಿಯೇ ಮೊದಲು ಸೋಲುತ್ತೆ."

ಬಸ್ಸು ತಪ್ಪಿಹೋಗಿತ್ತು. ನನ್ನ ಕಟ್ಟನ್ನು ಕಾಗದದ ಚೀಲಕ್ಕೆ ಹಾಕಿ ಬಾಯಿ ಮಡಚಿದ ಅಜ್ಜಿ, ತಮ್ಮ ಕಾರಿನಲ್ಲೇ ನನ್ನನ್ನು ಗೆಳತಿಯ ಬಾಗಿಲಿಗೆ ಬಿಟ್ಟರು. ಅವರ ಕೀಳುವ ಕೆಲಸ ಅರ್ಧಕ್ಕೇ ನಿಂತಿತ್ತು.

ಗೆಳತಿ ಚೀಲ ಬಿಚ್ಚಿ ನಕ್ಕಳು. "ಏನೇ ಇದು, ಗಣಪತಿಯ ಇಲಿಗೆ ಹಾಸಿಗೆನಾ?"

"ಪೂಜೆ ಮಾಡೇ. ಅವನೇನೂ ಗಲಾಟೆ ಮಾಡಲ್ಲ."

ಮರುದಿನ ಹಬ್ಬಕ್ಕೆ ಬಂದಿದ್ದವರನ್ನೆಲ್ಲ ದಿಬ್ಬಕ್ಕೆ ಎಳೆದೊಯ್ದೆ. ಐಟಿ ಎಂಜಿನಿಯರುಗಳು ಮಂಡಿಯೂರಿ ಹುಲ್ಲು ಕಿತ್ತರು, ಅಜ್ಜಿ ಕುರ್ಚಿಯಲ್ಲಿ ಕೂತು ಬಿಟ್ಟುಹೋದದ್ದನ್ನು ಕೋಲಿನಿಂದ ತೋರಿಸಿದರು. ಕೊನೆಯ ತೆನೆ ಚೀಲಕ್ಕೆ ಬಿದ್ದಾಗ ಅವರ ಲಿಫ್ಟಿನ ಋಣ ತೀರಿತೆಂದು ನಾನು ಮೈ ಕೊಡವಿ ಎದ್ದೆ.

"ಮಣ್ಣಲ್ಲಿ ಹಳೆಯ ಬೀಜ ಇನ್ನೂ ಇರುತ್ತೆ. ನಿಮ್ಮ ಆನೆ ದೇವರು ಪ್ರತಿ ವರ್ಷ ಬರ್ತಾನಾ?" ಎಂದರು ಅಜ್ಜಿ.