ಬಾದಾಮಿಯಲ್ಲಿ ಚಹಾ ಇರಲಿಲ್ಲ

ಆ ಬೆಳಿಗ್ಗೆ ಎಳೆ ಬೆರಳಿಗೆ ಸಿಗಲಿಲ್ಲ.

ಇಳಕಲ್ ಸೀರೆಯ ಒಡಲಿನ ಎಳೆಗೆ ಸೆರಗಿನ ಎಳೆ ಕೂಡಿಸಿ ಕೊಂಡಿ ಹಾಕುವುದು ನನ್ನ ಕೆಲಸ. ಕಣ್ಣು ಮುಚ್ಚಿಯೂ ಹಾಕುತ್ತಿದ್ದೆ. ಅಂದು ಬೆರಳು ಮಡಚಲೇ ಇಲ್ಲ. ಗಂಟುಗಳೆಲ್ಲ ಬಾತಿದ್ದವು.

ಬಾಗಲಕೋಟೆಯ ಡಾಕ್ಟರು ಬ್ಲಡ್ ರಿಪೋರ್ಟ್ ನೋಡಿ, ರುಮಟಾಯ್ಡ್ ಆರ್ಥ್ರೈಟಿಸ್, ಅಂದರೆ ಕೀಲುಗಳ ವಾತ, ಅಂದರು.

"ನಾ ಮತ್ತ ಕೊಂಡಿ ಹಾಕ್ತೇನೇನ್ರಿ?"

"ಗುಳಿಗಿ ಬಿಡಬ್ಯಾಡ್ರಿ. ಕೈಗೆ ರೆಸ್ಟ್ ಕೊಡ್ರಿ. ನೋಡೋಣು."

ಗುಳಿಗೆ ಅಂಗಡಿಯಲ್ಲಿ ಸಿಕ್ಕಿತು. ರೆಸ್ಟ್ ಎಲ್ಲಿಂದ ತರುವುದು? ನಮ್ಮಲ್ಲಿ ಯಾರಿಗಾದರೂ ಹುಷಾರಿಲ್ಲವೆಂದರೆ ಮಾತಾಡಿಸಲು ಓಣಿಗೆ ಓಣಿಯೇ ಬರುತ್ತದೆ. ಬಂದವರನ್ನು ಚಹಾ ಕೊಡದೆ ಕಳಿಸುವಂತಿಲ್ಲ. "ನೀ ಏಳಬ್ಯಾಡವಾ" ಅನ್ನುತ್ತಲೇ ಅಡುಗೆಮನೆಯತ್ತ ನೋಡುತ್ತಾರೆ. ಅತ್ತೆಗೆ ಮೊಣಕಾಲು ನೋವು, ಒಲೆಯ ಮುಂದೆ ನಿಲ್ಲಲಾರರು. ಬಾತ ಕೈಯಲ್ಲೇ ನಾನು ಚಹಾ ಮಾಡಿ, ಕಪ್ ತೊಳೆಯುತ್ತಿದ್ದೆ.

ಮುಂದಿನ ಸಲ ಡಾಕ್ಟರು, "ರೆಸ್ಟ್ ತಗೊಂಡ್ರಿ?" ಅಂದಾಗ ಹೂಂ ಅಂದೆ.

"ಸುಳ್ಳ ಹೇಳತಾಳ್ರಿ," ಅಂದರು ಜೊತೆಗೆ ಬಂದಿದ್ದ ಅತ್ತೆ. "ಇಕಿ ಬ್ಯಾನಿ ಕೇಳಾಕ ಬಂದಾವ್ರು ಇಕಿನ್ನ ದುಡಸಾಕತ್ತಾರ."

ಬಾದಾಮಿ ಹತ್ತಿರದ ಪ್ರಕೃತಿ ಚಿಕಿತ್ಸೆಯ ಕೇಂದ್ರಕ್ಕೆ ನನ್ನನ್ನು ಕಳಿಸುವುದೆಂದು ತೀರ್ಮಾನಿಸಿದವರೂ ಅತ್ತೆಯೇ. ಅದು ಉಳ್ಳವರು ಹೊಟ್ಟೆ ಕರಗಿಸಲು ಹೋಗುವ ಜಾಗವೆಂದು ನಾನು ನಗುತ್ತಿದ್ದೆ. ಅಲ್ಲಿ ಮೊದಲ ದಿನ ಗಂಜಿ ಕುಡಿದು ಲೋಟ ತೊಳೆಯಲು ಎದ್ದೆ. "ಇಡ್ರಿ ಅಕ್ಕಾರ, ನಾ ತೊಳಿತೇನಿ," ಅಂದಳು ಗಂಜಿ ತಂದವಳು. ಅಷ್ಟಕ್ಕೇ ಅಳು ಬಂತು. ಪಕ್ಕದ ಮಂಚದಲ್ಲಿ ಕಮತಗಿಯ ಟೀಚರೊಬ್ಬರಿದ್ದರು. "ನಂದೂ ಹಿಂಗ ಆಗಿತ್ತವಾ," ಅಂದರು. "ಬ್ಯಾನಿಗೆ ಗುಳಿಗಿ ಊರಾಗೂ ಸಿಗತಾವ. ಸುಮ್ಮ ಕೂಡ್ರಾಕ ಇಲ್ಲಿ ಬರೋದು." ಗುಳಿಗೆ ಬಿಡದೆ ನುಂಗಿದೆ. ಬಿಸಿನೀರಿನಲ್ಲಿ ಕೈ ಇಟ್ಟುಕೊಂಡು, ಎದುರು ಗುಡ್ಡದ ಕೆಂಪು ಬಂಡೆ ನೋಡುತ್ತ ಕೂತೆ.

ರವಿವಾರ ಜೀಪಿನ ಸದ್ದಾಯಿತು. ನನ್ನನ್ನು ಮಾತಾಡಿಸಲು ಮನೆಮಂದಿ, ಬಳಗ ಎಲ್ಲ ಅಲ್ಲಿಗೂ ಬಂದಿದ್ದರು, ರೊಟ್ಟಿ ಗಂಟಿನ ಸಮೇತ!

"ಕೂಡ್ರಿ, ಚಾ ಮಾಡ್ತೇನಿ," ಎಂದು ಎದ್ದೇಬಿಟ್ಟೆ.

ಎಲ್ಲಿಯ ಒಲೆ, ಎಲ್ಲಿಯ ಚಹಾ! ಟೀಚರು ನಕ್ಕರು, ನಾನೂ ನಕ್ಕೆ. ಕುಡಿಯಲು ಏನೂ ಇಲ್ಲದೆ ಎಲ್ಲರೂ ಸುಮ್ಮನೆ ಕೂತರು. ಆಮೇಲೆ ಅವರೊಂದಿಗೆ ಬಂದಿದ್ದ ನನ್ನ ಚಿಕ್ಕಮ್ಮ, ಗುಡೂರಿನ ಚಿಗವ್ವ, ನನ್ನ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡು ಒಂದೊಂದೇ ಬೆರಳು ಮುಟ್ಟಿ ನೋಡಿದಳು.

"ಇಷ್ಟ್ ಬಾತಿತ್ತೇನ ತಂಗಿ? ನಮಗ ಕಾಣಲೇ ಇಲ್ಲಲ್ಲ."

ಈಗ ಮನೆಗೆ ಬಂದಿದ್ದೇನೆ. ಬೇನೆ ಹೋಗಿಲ್ಲ, ಗುಳಿಗೆಯೂ ನಿಂತಿಲ್ಲ. ಬೆಳಿಗ್ಗೆ ಬೆರಳುಗಳು ಹಟ ಮಾಡುತ್ತವೆ, ಬಿಸಿಲೇರಿದಂತೆ ಮಾತು ಕೇಳುತ್ತವೆ. ನಿನ್ನೆ ಮಗ್ಗದ ಮುಂದೆ ಕೂತು ಮೊದಲ ಕೊಂಡಿ ಹಾಕುತ್ತಿದ್ದೆ. ಎಳೆ ಎರಡು ಸಲ ಜಾರಿತು. ಹೊರಗೆ ಯಾರೋ ಮಾತಾಡಿಸಲು ಬಂದರು. ನಾನು ಏಳಲು ಹೋದೆ.

"ಕೂಡ್ರ ನೀ," ಅಂದರು ಅತ್ತೆ. ಬಂದವರತ್ತ ತಿರುಗಿದರು: "ಚಾಪುಡಿ ಮ್ಯಾಲಿನ ಡಬ್ಬ್ಯಾಗ ಐತಿ ನೋಡ್ರಿ. ನಿಮಗ ಮಾಡ್ಕೊಂಡು ನಮಗೂ ಎರಡ್ ಕಪ್ ಕೊಡ್ರಿ. ಸೊಸಿ ಕೊಂಡಿ ಹಾಕಾಕತ್ತಾಳ."

ಒಳಗೆ ಚಹಾ ಕುದಿಯುವ ಹೊತ್ತಿಗೆ ಕೊಂಡಿ ಕೂಡಿತು.